ಕೋಮೋ ಸರೋವರಕ್ಕೆ ಬಾಡಿಗೆ ಕಾರು: ಬೇಕು, ಆದರೆ ಎಷ್ಟು ದಿನ?

ಓದುಗರ ಪ್ರಶ್ನೆ: "ಮೇಡಂ, ನಾವು ಮೈಸೂರಿನವರು. ಅಕ್ಟೋಬರ್‌ನಲ್ಲಿ, ಮಕ್ಕಳ ದಸರಾ ರಜೆಗೆ, ಇಟಲಿಯ ಕೋಮೋ ಸರೋವರದ ಕಡೆ ಆರು ರಾತ್ರಿ ಇರುವ ಯೋಚನೆ ಇದೆ. ನಾನು, ಹೆಂಡತಿ, 11 ಮತ್ತು 5 ವರ್ಷದ ಇಬ್ಬರು ಮಕ್ಕಳು, ಮಂಡಿನೋವು ಇರುವ 71 ವರ್ಷದ ಅಮ್ಮ. ಮಿಲಾನ್‌ನ ಮಾಲ್ಪೆನ್ಸಾ ಏರ್‌ಪೋರ್ಟಿನಲ್ಲೇ ಏಳು ಸೀಟಿನ ಕಾರು ಬಾಡಿಗೆಗೆ ಹಿಡಿದು, ಆರು ದಿನವೂ ಇಟ್ಟುಕೊಂಡು, ವಾಪಸ್ ಬರುವಾಗ ಅಲ್ಲೇ ಬಿಡೋಣ ಅಂತಿದ್ದೇನೆ. 22 ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ರಾತ್ರಿ ಹೊತ್ತೂ ಓಡಿಸಿ ಅಭ್ಯಾಸ ಇದೆ. ಆದರೆ ಒಬ್ಬ ಸ್ನೇಹಿತರು 'ನಮ್ಮ ಲೈಸೆನ್ಸ್ ಸಾಕು, ಏನೂ ಬೇಡ' ಅನ್ನುತ್ತಾರೆ. ಇನ್ನೊಬ್ಬರಿಗೆ ಇಟಲಿಯಿಂದ ಬಂದು ಎಂಟು ತಿಂಗಳಾದ ಮೇಲೆ ಮನೆಗೆ ಮೂರು ದಂಡದ ನೋಟೀಸ್ ಬಂದಿವೆ. ಫುಲ್ ಇನ್ಶೂರೆನ್ಸ್ ತಗೊಂಡರೆ ತಲೆನೋವಿಲ್ಲ ಅಂತಲೂ ಹೇಳುತ್ತಾರೆ. ಒಂದು ದಿನ ಸ್ವಿಟ್ಜರ್ಲೆಂಡಿಗೂ ಹೋಗಿ ಬರುವ ಆಸೆ. ದೀಪಿಕಾ ಪಡುಕೋಣೆ ಮದುವೆಯಾದ ವಿಲ್ಲಾ ನೋಡಬೇಕು ಅಂತ ನನ್ನ ಹೆಂಡತಿಗೆ. ಕಾರು ತಗೋಬೇಕೋ ಬೇಡವೋ?"

ಉತ್ತರ: ತಗೊಳ್ಳಿ. ಆದರೆ ಆರು ದಿನಕ್ಕಲ್ಲ, ಎರಡು ದಿನಕ್ಕೆ. ಏಳು ಸೀಟಿನದ್ದಲ್ಲ, ಆದಷ್ಟು ಚಿಕ್ಕದು. ಅದೂ ಸರೋವರ ನೋಡುವುದಕ್ಕಲ್ಲ, ಸರೋವರದ ಹಿಂದಿರುವ ಬೆಟ್ಟಗಳನ್ನು ನೋಡುವುದಕ್ಕೆ.

ನಾನು ಮಿಲಾನ್‌ನಲ್ಲಿ ಕಾರು ಬಾಡಿಗೆ ಕೌಂಟರಿನ ಆಚೆ ಬದಿ ಕೂತು ಆರು ವರ್ಷ ಕೆಲಸ ಮಾಡಿದ್ದೇನೆ. ಈಗ ನಮ್ಮವರಿಗೆ ಪ್ರವಾಸ ಹೊಂದಿಸಿಕೊಡುತ್ತೇನೆ. ನಿಮ್ಮ ಪತ್ರದಲ್ಲಿರುವ ಭಯ ಡ್ರೈವಿಂಗ್‌ನದ್ದಲ್ಲ, ದುಡ್ಡಿನದ್ದು. ಗೊತ್ತಿಲ್ಲದೆ ಎಲ್ಲೋ ತಪ್ಪು ಮಾಡಿ, ಊರಿಗೆ ಬಂದ ಮೇಲೆ ದಂಡ ಕಟ್ಟುವ ಭಯ. ಅದು ಸರಿಯಾದ ಭಯವೇ. ಆದರೆ ಡ್ರೈವಿಂಗ್ ಬಗ್ಗೆ ನಿಮಗಿರುವ ಧೈರ್ಯ ಇದೆಯಲ್ಲ, ಅದನ್ನು ಸ್ವಲ್ಪ ಅಲುಗಾಡಿಸಬೇಕು ಅನ್ನಿಸುತ್ತದೆ.

ಮೊದಲು ಈ ಜಾಗ ಹೇಗಿದೆ ಅಂತ ನೋಡೋಣ. ಕೋಮೋ ಸರೋವರವನ್ನು ಕೊರೆದದ್ದು ಹಿಮನದಿ. ನೀರಿನ ಮಟ್ಟ ಸಮುದ್ರಕ್ಕಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ, ಆಳ 400 ಮೀಟರಿಗೂ ಜಾಸ್ತಿ. ಅಂದರೆ ತಳ ಸಮುದ್ರ ಮಟ್ಟಕ್ಕಿಂತಲೂ ಕೆಳಗಿದೆ. ಬೆಟ್ಟ ಮೇಲಿಂದ ನೇರವಾಗಿ ಇಳಿದು ನೀರಿಗೆ ಬೀಳುತ್ತದೆ, ನೀರೊಳಗೂ ಹಾಗೇ ಇಳಿಯುತ್ತದೆ. ನಡುವೆ ಸಮತಟ್ಟು ಜಾಗವೇ ಇಲ್ಲ ಅನ್ನಬಹುದು. ಇದ್ದ ಒಂದು ಚೂರು ಅಂಚಿನ ಮೇಲೆ ಚರ್ಚು, ಮನೆ, ವಿಲ್ಲಾ ಎಲ್ಲ ಕೂತಿವೆ. ಶತಮಾನಗಳ ಕಾಲ ಇಲ್ಲಿನ ಜನ ಊರಿಂದ ಊರಿಗೆ ಓಡಾಡಿದ್ದು ದೋಣಿಯಲ್ಲಿ. ವಿಲ್ಲಾಗಳನ್ನು ನೋಡಿ, ಮುಂಬಾಗಿಲು ನೀರಿನ ಕಡೆಗೆ, ರಸ್ತೆ ಕಡೆ ಇರುವುದು ಹಿತ್ತಲು. ಪಶ್ಚಿಮ ದಡದ ರಸ್ತೆಗೆ ಇವತ್ತಿಗೂ ರೆಜೀನಾ ಅಂತ ಹೆಸರು, ರೋಮನ್ನರ ಕಾಲದ ದಾರಿಯದ್ದು. ಅದೇ ಈಗಿನ ಎಸ್‌ಎಸ್ 340. ಮನೆಗಳ ಮಧ್ಯೆ ನುಗ್ಗಿ ಹೋಗುವ ಕಡೆ ಅದನ್ನು ಅಗಲ ಮಾಡಬೇಕಾದರೆ ಯಾರದೋ ಅಡುಗೆಮನೆ ಒಡೆಯಬೇಕು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಚಾರ್ಮಾಡಿಯ ಅನುಭವ ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಘಾಟಿಯಲ್ಲಿ ಕಷ್ಟ ತಿರುವಿನದ್ದು. ಇಲ್ಲಿ ಕಷ್ಟ ಅಗಲದ್ದು. ನನಗೇ ಒಮ್ಮೆ ಈ ರಸ್ತೆಯಲ್ಲಿ ಎದುರಿಗೆ ಮೆನಾಜ್ಜೋ ಕಡೆಯ ಬಸ್ಸು ಬಂತು. ಎಡಕ್ಕೆ ಬಸ್ಸು, ಬಲಕ್ಕೆ ಕಲ್ಲಿನ ಗೋಡೆ. ಪಕ್ಕದಲ್ಲಿದ್ದವರು ಗಾಜು ಇಳಿಸಿ ಕನ್ನಡಿ ಮಡಚಿದರು, ನಾನು ನನ್ನ ಕಡೆಯದನ್ನು ಮಡಚಿದೆ. ಬಸ್ಸು ಒಂದು ಗೇಣು ಅಂತರದಲ್ಲಿ ಸರಿದು ಹೋಯಿತು. ನಮ್ಮ ತಲೆಯ ಮೇಲೆ ಕಿಟಕಿಯಲ್ಲಿ ಒಬ್ಬ ಅಜ್ಜಿ ಹೂಕುಂಡದ ಜೊತೆ ನಿಂತು, ದಿನಾ ನೋಡುವ ಧಾರಾವಾಹಿ ಥರ ನೋಡುತ್ತಿದ್ದರು. ಅದು ಚಿಕ್ಕ ಕಾರು. ನಿಮ್ಮ ಏಳು ಸೀಟಿನದ್ದಾಗಿದ್ದರೆ ಹಿಂದಕ್ಕೆ ಹೋಗಬೇಕಾಗುತ್ತಿತ್ತು. ಇಕ್ಕಟ್ಟಿನಲ್ಲಿ ಯಾರಾದರೂ ರಿವರ್ಸ್ ಹೋಗಲೇಬೇಕು ಅಂತಾದರೆ ಬಸ್ಸಿಗೆ ಕಾರೇ ದಾರಿ ಬಿಡಬೇಕು. ಅದು ಮರ್ಯಾದೆಯ ಮಾತಲ್ಲ, ಇಟಲಿಯ ರಸ್ತೆ ಕಾನೂನು. ನಿಮ್ಮ ಹಿಂದೆ ಆಗಲೇ ಹತ್ತು ಕಾರು ಸಾಲು ನಿಂತಿರುತ್ತವೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ನೀವು 22 ವರ್ಷ ಬಲಗಡೆ ಸೀಟಿನಲ್ಲಿ ಕೂತವರು. ಅಲ್ಲಿ ಸ್ಟೀರಿಂಗ್ ಎಡಕ್ಕೆ. ನೀವು ಕೂರುವುದು ಎಡಕ್ಕಾದರೂ ಕಣ್ಣು ಮಾತ್ರ ಹಳೇ ಲೆಕ್ಕದಲ್ಲೇ ರಸ್ತೆ ಅಳೆಯುತ್ತದೆ. ಪರಿಣಾಮ, ಕಾರು ತನಗೆ ತಾನೇ ಬಲಕ್ಕೆ ಸರಿಯುತ್ತಾ ಹೋಗುತ್ತದೆ. ನಮ್ಮವರು ವಾಪಸ್ ತಂದ ಕಾರುಗಳಲ್ಲಿ ಗೀಚು ಬಹುಪಾಲು ಒಂದೇ ಕಡೆ: ಬಲಗಡೆಯ ಚಕ್ರದ ರಿಮ್ಮು, ಬಲಗಡೆಯ ಕನ್ನಡಿ. ನಾನು ಕಾರಿನ ಬಲಬದಿಗೆ ಹೋಗಿ ಬಗ್ಗುವ ಮೊದಲೇ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಇದಕ್ಕೆ ಒಂದು ಉಪಾಯ ಇದೆ. ಡ್ರೈವರ್ ಯಾವತ್ತೂ ರಸ್ತೆಯ ಮಧ್ಯದ ಗೆರೆಯ ಪಕ್ಕದಲ್ಲಿ ಕೂತಿರಬೇಕು. ಆ ಗೆರೆ ನಿಮ್ಮ ಎಡಮೊಣಕೈ ಹತ್ತಿರ ಇದೆಯಾ ಅಂತ ಆಗಾಗ ನೋಡಿಕೊಳ್ಳಿ.

ಬಲಗಡೆ ಓಡಿಸುವುದನ್ನು ಮೊದಲ ದಿನ ಯಾರೂ ಮರೆಯುವುದಿಲ್ಲ, ಭಯ ಇರುತ್ತದೆ. ಭಯ ಹೋದ ಮೇಲೆ, ಬೆಳಿಗ್ಗೆ ಕಾಫಿ ಕುಡಿದು ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ಇಳಿಯುವಾಗ ಕೈ ತನ್ನಷ್ಟಕ್ಕೆ ಎಡಕ್ಕೆ ತಿರುಗಿಸುತ್ತದೆ. ಎದುರಿಗೆ ವಾಹನ ಇದ್ದರೆ ನೆನಪಾಗುತ್ತದೆ, ಖಾಲಿ ಇದ್ದಾಗಲೇ ಅಪಾಯ. ಮನೆಯವರಿಗೆ ಒಂದು ಕೆಲಸ ಕೊಡಿ: ಎಲ್ಲಿಂದ ಹೊರಟರೂ "ಬಲಕ್ಕೆ" ಅಂತ ಜೋರಾಗಿ ಹೇಳುವುದು. ಐದು ವರ್ಷದ ಮಗುವಿಗೇ ವಹಿಸಿಬಿಡಿ, ಅದು ಮರೆಯಲ್ಲ. ವೃತ್ತದಲ್ಲಿ ನಮ್ಮ ಕಡೆಗಿಂತ ಉಲ್ಟಾ, ಗಡಿಯಾರಕ್ಕೆ ವಿರುದ್ಧವಾಗಿ ಸುತ್ತಬೇಕು. ವೃತ್ತದೊಳಗೆ ಆಗಲೇ ಇರುವವರಿಗೆ ದಾರಿ ಬಿಡಬೇಕು. ಆಟೋಮ್ಯಾಟಿಕ್ ಗೇರಿನ ಕಾರೇ ಬುಕ್ ಮಾಡಿ. ಕೌಂಟರಿಗೆ ಬಂದು ಕೇಳಿದರೆ ಸಿಗುವುದು ಮ್ಯಾನುವಲ್. ಬಲಗೈಯಲ್ಲಿ ಗೇರು ಹಾಕುವುದನ್ನು ಆ ಕಲ್ಲಿನ ಗೋಡೆಯ ಪಕ್ಕ ನಿಂತು ಕಲಿಯುವುದು ಬೇಡ.

ಈಗ ನಿಮ್ಮ ಸ್ನೇಹಿತರ ಮಾತು. "ನಮ್ಮ ಲೈಸೆನ್ಸ್ ಸಾಕು" ಅನ್ನುವುದು ತಪ್ಪು, ಆದರೆ ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಕೌಂಟರಿನಲ್ಲಿ ಕಾರು ಕೊಟ್ಟಿರಬಹುದು. ಕೌಂಟರಿನವರು ಒಪ್ಪುವುದು ಬೇರೆ, ಕಾನೂನು ಒಪ್ಪುವುದು ಬೇರೆ. ಇಟಲಿಯಲ್ಲಿ ಯೂರೋಪಿನ ಒಕ್ಕೂಟದ ಹೊರಗಿನ ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಶನಲ್ ಡ್ರೈವಿಂಗ್ ಪರ್ಮಿಟ್, ಅಂದರೆ ಐಡಿಪಿ, ಇಲ್ಲವೇ ಅಧಿಕೃತ ಅನುವಾದ ಇರಲೇಬೇಕು. ಪೊಲೀಸರು ನಿಲ್ಲಿಸಿ ಕೇಳಿದರೆ ದಂಡ. ಅಪಘಾತವಾದರೆ ಇನ್ನೂ ಕಷ್ಟ, ಇನ್ಶೂರೆನ್ಸ್‌ನವರಿಗೆ ತಕರಾರು ಎತ್ತಲು ಒಂದು ಕಾರಣ ಸಿಕ್ಕಂತಾಗುತ್ತದೆ. ಐಡಿಪಿ ಸಿಗುವುದು ನಿಮ್ಮ ಆರ್‌ಟಿಓದಲ್ಲೇ. ಹೆಚ್ಚೆಂದರೆ ಒಂದು ವರ್ಷ ಚಾಲ್ತಿ. ಪುಸ್ತಕದ ಥರ ಇರುತ್ತದೆ. ಅದೊಂದೇ ಇಟ್ಟುಕೊಂಡು ಹೋದರೆ ಬೆಲೆ ಇಲ್ಲ, ಮೂಲ ಲೈಸೆನ್ಸ್ ಕಾರ್ಡೂ ಜೊತೆಗಿರಬೇಕು. ಮೊಬೈಲಿನ ಡಿಜಿಲಾಕರ್ ತೋರಿಸಿದರೆ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಮನೆಯವರೂ ಓಡಿಸುವುದಾದರೆ ಅವರಿಗೂ ಬೇರೆ ಐಡಿಪಿ ಬೇಕು, ಒಪ್ಪಂದದಲ್ಲಿ ಎರಡನೇ ಡ್ರೈವರ್ ಅಂತ ಹೆಸರೂ ಸೇರಬೇಕು.

ನಮ್ಮ ಕಡೆಯವರು ಕೌಂಟರಿನಲ್ಲಿ ಸಿಕ್ಕಿಬೀಳುವುದು ಲೈಸೆನ್ಸಿಗಿಂತ ಹೆಸರಿಗೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರು, ತಂದೆ ಹೆಸರು ಎಲ್ಲ ಉದ್ದಕ್ಕೆ ಬರೆದಿರುತ್ತದೆ. ಲೈಸೆನ್ಸಿನಲ್ಲಿ ಬರೀ ಎರಡು ಇನಿಷಿಯಲ್. ಕ್ರೆಡಿಟ್ ಕಾರ್ಡಿನಲ್ಲಿ ಮೂರನೇ ಥರ. ಇಟಲಿಯ ಹುಡುಗಿ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, "ಈ ಮೂವರಲ್ಲಿ ನೀವು ಯಾರು?" ಅನ್ನುವಂತೆ ನೋಡುತ್ತಾಳೆ. ಆ ಹುಡುಗಿಯ ಪಕ್ಕದ ಕುರ್ಚಿಯಿಂದ ಎದ್ದು ಹೋಗಿ, ನಮ್ಮೂರಿನಲ್ಲಿ ಹೆಸರಿಡುವ ಪದ್ಧತಿಯ ಬಗ್ಗೆ ನಾನು ಎಷ್ಟು ಸಲ ಭಾಷಣ ಮಾಡಿದ್ದೇನೋ ಲೆಕ್ಕವಿಲ್ಲ. ನಿಮ್ಮ ಪಾಲಿಗೆ ಅಲ್ಲಿ ಕನ್ನಡದವರು ಇರಲಿಕ್ಕಿಲ್ಲ. ಮೂರನ್ನೂ ಇವತ್ತೇ ತೆಗೆದು ನೋಡಿ. ಲೈಸೆನ್ಸ್ ಹೊಂದದಿದ್ದರೆ ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಐಡಿಪಿಗೆ ಹಾಕಿ. ಕಾರ್ಡು ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡೇ ಆಗಿರಬೇಕು. ಹೆಂಡತಿ ಕಾರ್ಡು, ತಮ್ಮನ ಕಾರ್ಡು ನಡೆಯುವುದಿಲ್ಲ. ಡೆಬಿಟ್ ಕಾರ್ಡನ್ನು ಬಹಳ ಕಡೆ ಒಪ್ಪುವುದಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ವಿದೇಶಿ ಬಳಕೆ ಆನ್ ಮಾಡಿ, ಮಿತಿ ಏರಿಸಿ. ಅವರು ಡೆಪಾಸಿಟ್ ಅಂತ ಒಂದು ದೊಡ್ಡ ಮೊತ್ತ ತಡೆಹಿಡಿಯುತ್ತಾರೆ. ಮಿತಿ ಸಾಲದೆ ಕಾರ್ಡು ನಿರಾಕರಿಸಿದರೆ, ಮುಂಗಡ ಕಟ್ಟಿದ್ದರೂ ಕಾರಿಲ್ಲ. ಮಷೀನು "ಯೂರೋನಲ್ಲೋ ರೂಪಾಯಿಯಲ್ಲೋ" ಅಂತ ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯದ ದರ ಅವರದ್ದು.

ಇನ್ನು ಮೂರು ನೋಟೀಸು ಬಂದ ಸ್ನೇಹಿತರ ಕಥೆ. ಅವರಿಗೆ ಯಾರೂ ಮೋಸ ಮಾಡಿಲ್ಲ. ಹೆಚ್ಚುಕಮ್ಮಿ ಖಂಡಿತ ಝಡ್‌ಟಿಎಲ್. ಇಟಲಿಯ ಹಳೇ ಊರುಗಳ ಒಳಗೆ ಅಲ್ಲಿನ ನಿವಾಸಿಗಳ ಮತ್ತು ಅನುಮತಿ ಇರುವವರ ವಾಹನಕ್ಕೆ ಮಾತ್ರ ಪ್ರವೇಶ, ಆ ಜಾಗಕ್ಕೆ ಈ ಹೆಸರು. ಕೋಮೋ ಊರಿನ ಕೋಟೆಗೋಡೆಯ ಒಳಭಾಗ ಹೀಗೇ. ಬೆಲ್ಲಾಜ್ಜೋದ ಹಳೇ ಪೇಟೆಗೂ ನಿರ್ಬಂಧ ಇದೆ. ಗೇಟು ಇಲ್ಲ, ಕಾವಲುಗಾರ ಇಲ್ಲ. ಕೆಂಪು ಸುತ್ತಿನ ಬಿಳಿ ಫಲಕ, ಮೇಲೊಂದು ಕ್ಯಾಮೆರಾ, ಅಷ್ಟೇ. ಕೆಲವು ಕಡೆ ಹೊಳೆಯುವ ಅಕ್ಷರದಲ್ಲಿ "ವಾರ್ಕೋ ಆತ್ತೀವೋ" ಅಂತ ಬರುತ್ತದೆ. ವಾರ್ಕೋ ಅಂದರೆ ದಾರಿ, ಆತ್ತೀವೋ ಅಂದರೆ ಆ್ಯಕ್ಟಿವ್. ಓಹ್, ದಾರಿ ತೆರೆದಿದೆ ಅಂತ ನಮ್ಮವರು ನುಗ್ಗುತ್ತಾರೆ. ಅದರ ಅರ್ಥ ಉಲ್ಟಾ: ಕ್ಯಾಮೆರಾ ಜಾರಿಯಲ್ಲಿದೆ, ಒಳಗೆ ಬರಬೇಡಿ ಅಂತ. "ನೋನ್ ಆತ್ತೀವೋ" ಇದ್ದರೆ ಹೋಗಬಹುದು.

ನೋಟೀಸು ಇಷ್ಟು ತಡವಾಗಿ ಯಾಕೆ ಬರುತ್ತದೆ ಅಂದರೆ, ಕ್ಯಾಮೆರಾಕ್ಕೆ ಸಿಗುವುದು ನಂಬರ್ ಪ್ಲೇಟು. ಆ ಪ್ಲೇಟಿನ ಮಾಲೀಕ ಬಾಡಿಗೆ ಕಂಪನಿ. ಪೊಲೀಸರು ಕಂಪನಿಯನ್ನು ಕೇಳುತ್ತಾರೆ, ಕಂಪನಿ ನಿಮ್ಮ ಹೆಸರು ವಿಳಾಸ ಕೊಡುತ್ತದೆ. ಹಾಗೆ ಕೊಟ್ಟಿದ್ದಕ್ಕೆ ನಿಮ್ಮ ಕಾರ್ಡಿನಿಂದ 40-60 ಯೂರೋ ಆಸುಪಾಸು ಸೇವಾಶುಲ್ಕ ಎತ್ತಿಕೊಳ್ಳುತ್ತದೆ. ಇದು ದಂಡವಲ್ಲ, ದಂಡ ಆಮೇಲೆ ಅಂಚೆಯಲ್ಲಿ ಬರುತ್ತದೆ. ವಿದೇಶದಲ್ಲಿರುವವರಿಗೆ ನೋಟೀಸು ಕಳಿಸಲು ಅವರಿಗೆ 360 ದಿನ ಅವಕಾಶ ಇದೆ. ಹಾಗಾಗಿ ಎಂಟು ತಿಂಗಳು ದೊಡ್ಡದೇನಲ್ಲ. ದಂಡ 80 ಯೂರೋ ಚಿಲ್ಲರೆ, ಅಂಚೆ ಖರ್ಚು ಸೇರಿ ನೂರರ ಹತ್ತಿರ. ಕೈಗೆ ಸಿಕ್ಕ ಐದು ದಿನದೊಳಗೆ ಕಟ್ಟಿದರೆ ಮೂಲ ದಂಡದಲ್ಲಿ ಶೇ 30 ಕಡಿಮೆ. ಬೇರೆ ಬೇರೆ ದಿನ ಒಳಗೆ ಹೋದರೆ ಬೇರೆ ಬೇರೆ ದಂಡ. ಪಾರ್ಕಿಂಗ್ ಹುಡುಕುತ್ತಾ ಮೂರು ದಿನ ಒಂದೇ ಬೀದಿಗೆ ಹೋದರೆ ಮೂರು ನೋಟೀಸು.

ತಪ್ಪಿಸಿಕೊಳ್ಳುವುದು ಸುಲಭ. ಜಿಪಿಎಸ್ ಹೇಳಿತು ಅಂತ ಹಳೇ ಪೇಟೆಯೊಳಗೆ ಹೋಗಬೇಡಿ, ಹೊರಗಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ನಡೆಯಿರಿ. ನಿಮ್ಮ ಹೋಟೆಲೇ ಅಂಥ ಜಾಗದಲ್ಲಿದ್ದರೆ ಕಾರಿನ ನಂಬರನ್ನು ಮೊದಲೇ ಅವರಿಗೆ ಕೊಟ್ಟು, ಪೊಲೀಸರ ಪಟ್ಟಿಗೆ ಸೇರಿಸಲು ಹೇಳಿ. ಪಾರ್ಕಿಂಗ್ ಗೆರೆಯ ಬಣ್ಣವೂ ಗೊತ್ತಿರಲಿ. ನೀಲಿ ಅಂದರೆ ದುಡ್ಡು, ಬಿಳಿ ಅಂದರೆ ಸಾಮಾನ್ಯವಾಗಿ ಪುಕ್ಕಟೆ, ಹಳದಿ ಅಂದರೆ ಬೇರೆಯವರಿಗೆ ಮೀಸಲು.

ಮಾಲ್ಪೆನ್ಸಾದಿಂದ ಕೋಮೋಗೆ ಬರುವವರಿಗೇ ಅಂತ ಇನ್ನೊಂದು ಗುಂಡಿ ಇದೆ. ಜಿಪಿಎಸ್ ಹಲವು ಸಲ ಎ36 ಹೆದ್ದಾರಿ ಮೇಲೆ ಕರೆದೊಯ್ಯುತ್ತದೆ. ಅಲ್ಲಿ ಟೋಲ್ ಗೇಟೇ ಇಲ್ಲ. ಮೇಲಿನ ಕಮಾನಿನ ಕ್ಯಾಮೆರಾ ನಂಬರ್ ಓದಿಕೊಳ್ಳುತ್ತದೆ, 15 ದಿನದೊಳಗೆ ನೀವೇ ಆನ್‌ಲೈನಿನಲ್ಲಿ ಕಟ್ಟಬೇಕು. ಕೆಲವೇ ಯೂರೋ. ಕಟ್ಟದಿದ್ದರೆ ಮತ್ತೆ ಕಂಪನಿ, ಮತ್ತೆ ಸೇವಾಶುಲ್ಕ. ನಮ್ಮ ಫಾಸ್ಟ್ಯಾಗ್ ಥರ ತಾನೇ ಕಡಿತವಾಗುತ್ತದೆ ಅಂತ ಸುಮ್ನೆ ಇದ್ದುಬಿಡುವವರೇ ಜಾಸ್ತಿ. ಗೇಟು ಇರುವ ಹೆದ್ದಾರಿಗಳಲ್ಲಿ ಹಳದಿ ಬಣ್ಣದ ಟೆಲೆಪಾಸ್ (ಅಲ್ಲಿನ ಫಾಸ್ಟ್ಯಾಗ್ ಅನ್ನಿ) ಸಾಲಿಗೆ ಹೋಗಬೇಡಿ. ತಪ್ಪಿ ಹೋದರೆ ರಿವರ್ಸ್ ಬರುವ ಸಾಹಸ ಬೇಡವೇ ಬೇಡ, ಸಹಾಯದ ಗುಂಡಿ ಒತ್ತಿ.

ಫುಲ್ ಇನ್ಶೂರೆನ್ಸ್ ಅಂದಿರಲ್ಲ, ಆ ಪದವನ್ನು ನಾನೇ ಕೌಂಟರಿನಲ್ಲಿ ದಿನಾ ಬಳಸುತ್ತಿದ್ದೆ. ಹಾಗಾಗಿ ನನ್ನ ಮಾತು ಕೇಳಿ. ಬಾಡಿಗೆಯಲ್ಲೇ ಥರ್ಡ್ ಪಾರ್ಟಿ ವಿಮೆ ಸೇರಿರುತ್ತದೆ. ಡ್ಯಾಮೇಜ್ ಮತ್ತು ಕಳ್ಳತನದ ರಕ್ಷಣೆಯೂ ಸಾಮಾನ್ಯವಾಗಿ ಇರುತ್ತದೆ, ಆದರೆ ಮೊದಲ ಇಷ್ಟು ಯೂರೋ ನೀವೇ ಕಟ್ಟಬೇಕು ಅನ್ನುವ ಷರತ್ತಿನೊಂದಿಗೆ. ಅದು ಸಾವಿರ, ಎರಡು ಸಾವಿರ ಯೂರೋವರೆಗೂ ಇರಬಹುದು. ಈ ಮೊತ್ತವನ್ನು ಇಳಿಸಲು ಎರಡು ದಾರಿ. ಕೌಂಟರಿನವರದ್ದೇ ದೊಡ್ಡ ಪ್ಯಾಕೇಜು: ದುಬಾರಿ, ಆದರೆ ಡೆಪಾಸಿಟ್ ಕಡಿಮೆಯಾಗುತ್ತದೆ, ಗೀಚಾದರೂ ಕೀಲಿ ಕೊಟ್ಟು ಹೊರಡಬಹುದು. ಇನ್ನೊಂದು, ಹೊರಗಿನ ಕಂಪನಿಯಿಂದ ಅಗ್ಗದ ವಿಮೆ. ಇದರಲ್ಲಿ ಡೆಪಾಸಿಟ್ ಹಾಗೇ ಇರುತ್ತದೆ. ಡ್ಯಾಮೇಜ್ ಆದರೆ ಮೊದಲು ನಿಮ್ಮ ಕಾರ್ಡಿನಿಂದ ಹೋಗುತ್ತದೆ, ಆಮೇಲೆ ನೀವು ಕಾಗದ ಪತ್ರ ಕೂಡಿಸಿ ವಾಪಸ್ ಪಡೆಯಬೇಕು. ಭಾರತದಲ್ಲಿ ವಾಸವಿರುವವರಿಗೆ ಆ ಪಾಲಿಸಿ ಅನ್ವಯಿಸುತ್ತದಾ ಅಂತ ಓದಿಯೇ ಕೊಳ್ಳಿ.

ಯಾವುದೇ ಆದರೂ ಹೊರಗಿಟ್ಟಿದ್ದೇನು ಅಂತ ನೋಡಿ. ಟೈರು, ರಿಮ್ಮು, ಗಾಜು, ಕನ್ನಡಿ, ಕಾರಿನ ಅಡಿಭಾಗ: ಮೂಲ ರಕ್ಷಣೆಯಲ್ಲಿ ಇವು ಬಹಳ ಸಲ ಇರುವುದಿಲ್ಲ. ಕೋಮೋ ರಸ್ತೆಯಲ್ಲಿ ಪೆಟ್ಟು ತಿನ್ನುವುದು ಇವೇ, ಅಲ್ವಾ? ಹಾಗಾಗಿ ಇಲ್ಲಿಗೆ ಮಾತ್ರ ನಾನು ಕೌಂಟರಿನ ದೊಡ್ಡ ಪ್ಯಾಕೇಜನ್ನೇ ತಗೊಳ್ಳಿ ಅನ್ನುತ್ತೇನೆ, ಅದರಲ್ಲಿ ಟೈರು-ಗಾಜು ಸೇರಿದೆ ಅಂತ ಖಾತ್ರಿ ಮಾಡಿಕೊಂಡು. ಎರಡೇ ದಿನಕ್ಕಾದರೆ ಅದೇನು ಹೊರೆಯಲ್ಲ. ಇನ್ನು ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿದರೆ ಸಾಮಾನ್ಯವಾಗಿ ಯಾವ ಪ್ಯಾಕೇಜೂ ಕಾಪಾಡುವುದಿಲ್ಲ. "ಬೆಂಜೀನಾ" ಅಂದರೆ ಪೆಟ್ರೋಲು, "ಗಸೋಲಿಯೋ" ಅಂದರೆ ಡೀಸೆಲ್. ಗ್ಯಾಸೋಲಿನ್, ಅಂದರೆ ಪೆಟ್ರೋಲು, ಅಂತ ಕೇಳಿಸುತ್ತದೆ, ಅದಕ್ಕೇ ಜನ ಮೋಸಹೋಗುವುದು.

ಕಾರು ಕೈಗೆ ಬಂದಾಗ ಒಂದು ಹಾಳೆ ಕೊಡುತ್ತಾರೆ, ಕಾರಿನ ಚಿತ್ರದ ಮೇಲೆ ಅಲ್ಲಲ್ಲಿ ಶಿಲುಬೆ ಗುರುತು. ಹಳೇ ಗೀಚುಗಳು. ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದು, ಮಗು ಅಳುತ್ತಿರುವಾಗ, ಯಾರೂ ಅದನ್ನು ನೋಡದೆ ಸಹಿ ಹಾಕುತ್ತಾರೆ. ನೀವು ಹಾಕಬೇಡಿ. ಮೊಬೈಲಿನಲ್ಲಿ ಕಾರಿನ ಸುತ್ತ ಒಂದು ವಿಡಿಯೋ ಮಾಡಿ, ನಾಲ್ಕೂ ರಿಮ್ಮಿನ ಹತ್ತಿರ ಬಗ್ಗಿ ತೆಗೆಯಿರಿ. ಹಾಳೆಯಲ್ಲಿ ಇಲ್ಲದ ಗೀಚು ಕಂಡರೆ ಬರೆಸಿ.

ಸರಿ, ನಿಮ್ಮ ಮುಂದೆ ಇರುವ ದಾರಿಗಳು ಯಾವುವು? ಮೊದಲನೆಯದು ನಿಮ್ಮದೇ ಯೋಜನೆ, ಏರ್‌ಪೋರ್ಟಿನಿಂದ ಏಳು ಸೀಟು. ಅನುಕೂಲ ಒಂದೇ, ಲಗೇಜು. ಉಳಿದದ್ದೆಲ್ಲ ಕಷ್ಟ. ನಿದ್ದೆಗೆಟ್ಟ ಕಣ್ಣಲ್ಲಿ, ಮೊದಲ ಸಲ ಬಲಗಡೆ, ದೊಡ್ಡ ಕಾರು, ಆ ರಸ್ತೆ. ಬಂದ ಮೇಲೆ ಅದನ್ನು ನಿಲ್ಲಿಸಲು ದಿನಾ ಜಾಗ ಹುಡುಕಬೇಕು. ನಾಲ್ಕು ದಿನ ಅದು ಸುಮ್ಮನೆ ನಿಂತಿರುತ್ತದೆ, ಬಾಡಿಗೆ ಮಾತ್ರ ಓಡುತ್ತಿರುತ್ತದೆ.

ಎರಡನೆಯದು, ಕಾರೇ ಬೇಡ ಅನ್ನುವುದು. ಅದೂ ಆಗುತ್ತದೆ. ಮಿಲಾನೋ ಚೆಂತ್ರಾಲೆಯಿಂದ ವರೆನ್ನಾಕ್ಕೆ ರೈಲು ಸುಮಾರು ಒಂದು ಗಂಟೆ. ಅಲ್ಲಿಂದ ಸರೋವರದ ನಡುವಿನ ನಾಲ್ಕು ಊರುಗಳ ನಡುವೆ, ಅಂದರೆ ವರೆನ್ನಾ, ಬೆಲ್ಲಾಜ್ಜೋ, ಮೆನಾಜ್ಜೋ, ಕಾದೆನಾಬ್ಬಿಯಾ ನಡುವೆ, ಕಾರು ಸಾಗಿಸುವ ದೊಡ್ಡ ದೋಣಿ ದಿನವಿಡೀ ಓಡಾಡುತ್ತದೆ. ಅಮ್ಮನ ಮಂಡಿಗೆ ಇದೇ ಒಳ್ಳೆಯದು. ಕಾರು ಹತ್ತುವ ಇಳಿಜಾರಿನ ಹಲಗೆ ಮೇಲೇ ನಡೆದು ಹತ್ತಬಹುದು, ಮೆಟ್ಟಿಲ ಕಾಟ ಕಡಿಮೆ. ಆದರೆ ಬೆಟ್ಟದ ಮೇಲಿನ ಊರುಗಳಿಗೆ ಬಸ್ಸು ಅಪರೂಪ.

ನಾನು ಹೇಳುವುದು ಮೂರನೆಯದು. ಪಶ್ಚಿಮ ದಡದ ಮೆನಾಜ್ಜೋದಲ್ಲಿ ಮನೆ ಹಿಡಿಯಿರಿ. ವರೆನ್ನಾ ಚೆಂದ, ಆದರೆ ಮೆಟ್ಟಿಲ ಊರು. ಮೆನಾಜ್ಜೋದ ದಂಡೆ ಸಮತಟ್ಟು, ಅಮ್ಮ ಸಂಜೆ ನಡೆಯಬಹುದು. ಏರ್‌ಪೋರ್ಟಿನಿಂದ ಅಲ್ಲಿಗೆ ಡ್ರೈವರ್ ಸಮೇತ ವ್ಯಾನು ಮೊದಲೇ ಗೊತ್ತುಮಾಡಿ, ಅಲ್ಲಿ ಅದಕ್ಕೆ ಎನ್‌ಸಿಸಿ ಅನ್ನುತ್ತಾರೆ. ಲಗೇಜು ಮನೆ ಸೇರಿತು ಅಂದಮೇಲೆ ಏಳು ಸೀಟಿನ ಅಗತ್ಯವೇ ಉಳಿಯಲಿಲ್ಲ ನೋಡಿ. ನೀವು ದೊಡ್ಡ ಕಾರು ಕೇಳಿದ್ದು ಐದು ಜನಕ್ಕಲ್ಲ, ಐದು ಸೂಟ್‌ಕೇಸಿಗೆ. ಮೊದಲ ಮೂರು ದಿನ ದೋಣಿ. ವಿಲ್ಲಾ ಬಾಲ್ಬಿಯಾನೆಲ್ಲೋ ಕೂಡ ಆಗಲೇ ಮುಗಿಸಿ. 2018ರ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗಿಯ ಕೊಂಕಣಿ ಮದುವೆ ಆದದ್ದು ಅಲ್ಲೇ. ಬಾಗಿಲವರೆಗೆ ಕಾರು ಹೋಗುವುದೇ ಇಲ್ಲ. ಪಕ್ಕದ ಲೆನ್ನೋ ಊರಿನಿಂದ ಪುಟ್ಟ ಟ್ಯಾಕ್ಸಿ ದೋಣಿ, ಇಲ್ಲವೇ ಕಾಲ್ನಡಿಗೆ. ಒಳಗೆ ಮೆಟ್ಟಿಲು ಜಾಸ್ತಿ, ಅಮ್ಮನಿಗೆ ತೋಟದಲ್ಲಿ ಕೂರಲು ಹೇಳಿ. ವಾರದಲ್ಲಿ ಕೆಲವು ದಿನ ಮುಚ್ಚಿರುತ್ತದೆ, ನೋಡಿಕೊಂಡು ಹೋಗಿ.

ನಾಲ್ಕನೇ ದಿನ ಕಾರು. ಕೋಮೋ ಅಥವಾ ಲೆಕ್ಕೋ ಊರಿನ ಆಫೀಸಿನಿಂದ ತಗೊಳ್ಳಿ. ಊರೊಳಗಿನ ಆಫೀಸುಗಳು ಮಧ್ಯಾಹ್ನ ಊಟಕ್ಕೆ ಮುಚ್ಚುವುದುಂಟು, ಭಾನುವಾರ ಬಾಗಿಲು ತೆಗೆಯುವುದು ಕಡಿಮೆ. ವಾರದ ನಡುವಿನ ದಿನ, ಬೆಳಿಗ್ಗೆ ಹೊತ್ತು ಹೋಗಿ. ನನ್ನ ಆಯ್ಕೆ ಲೆಕ್ಕೋ. ಎದುರು ದಡದ ವರೆನ್ನಾದಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಹೋಗಬಹುದು. ಅಲ್ಲಿಂದ ನೇರ ಬೆಟ್ಟಕ್ಕೆ ರಸ್ತೆ, ಎಸ್‌ಎಸ್ 340ರ ಇಕ್ಕಟ್ಟು ನಿಮ್ಮ ದಾರಿಗೇ ಬರುವುದಿಲ್ಲ. ಮಕ್ಕಳ ಸೀಟು ಬುಕಿಂಗ್‌ನಲ್ಲೇ ಹೇಳಿ. ಇಟಲಿಯಲ್ಲಿ 150 ಸೆಂಟಿಮೀಟರ್ ಎತ್ತರ ಮುಟ್ಟದ ಮಕ್ಕಳಿಗೆಲ್ಲ ಸೀಟು ಕಡ್ಡಾಯ, ನಿಮ್ಮ 11 ವರ್ಷದ ಮಗುವಿಗೂ ಬೂಸ್ಟರ್ ಬೇಕಾದೀತು, ಗೋಡೆಗೆ ನಿಲ್ಲಿಸಿ ಅಳೆದುಬಿಡಿ. ಅಮ್ಮ ಮುಂದೆ, ಎರಡು ಮಕ್ಕಳ ಸೀಟಿನ ನಡುವೆ ನಿಮ್ಮ ಮನೆಯವರು. ಸ್ವಲ್ಪ ಇಕ್ಕಟ್ಟು. ತೀರಾ ಪುಟ್ಟ ಕಾರು ಬೇಡ, ಅದಕ್ಕಿಂತ ಒಂದು ಅಳತೆ ಮೇಲಿನದ್ದು.

ಒಂದು ದಿನ ವಾಲ್ಸಾಸ್ಸೀನಾ. ಲೆಕ್ಕೋದ ಹಿಂದಿನ ಕಣಿವೆ, ತಲೆಜ್ಜೋ ಚೀಸಿಗೆ ಹೆಸರಾದದ್ದು. ರಸ್ತೆ ಅಗಲ, ಹಸು, ಹುಲ್ಲು, ಜನ ಕಡಿಮೆ. ನೀವು ಶುದ್ಧ ಸಸ್ಯಾಹಾರಿಗಳಾದರೆ ಒಂದು ಮಾತು: ತಲೆಜ್ಜೋ ಚೀಸಿನಲ್ಲಿ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯ ಕಿಣ್ವ. ಪೊಲೆಂತಾ ಮಾತ್ರ ತಿನ್ನಲೇಬೇಕು. ಮೆಕ್ಕೆಜೋಳದ ಮುದ್ದೆ ಅಂದುಕೊಳ್ಳಿ, ತಿರುವುವ ಕೋಲೂ ನಮ್ಮದರ ಥರವೇ. ಸಾರು ಇಲ್ಲ ಅನ್ನುವುದೊಂದೇ ಕೊರತೆ. ಸಮಯ ಉಳಿದರೆ ಬೆಲ್ಲಾಜ್ಜೋದ ಮೇಲಿನ ಗಿಸಾಲ್ಲೋ ಕಣಿವೆದಾರಿಗೆ ಹೋಗಿ. 754 ಮೀಟರ್ ಎತ್ತರದಲ್ಲಿ ಒಂದು ಪುಟ್ಟ ಚರ್ಚು, ಅಲ್ಲಿನ ಮಾತೆ ಸೈಕಲ್ ಸವಾರರ ಕುಲದೇವತೆ. 1949ರಲ್ಲಿ ಪೋಪ್ ಹಾಗೆ ಘೋಷಿಸಿದರು. ಒಳಗೆ ಗೋಡೆ ತುಂಬ ಸೈಕಲ್ಲು. ಮಕ್ಕಳಿಗೆ ವಿಲ್ಲಾಗಿಂತ ಇದೇ ನೆನಪಿರುತ್ತದೆ.

ಇನ್ನೊಂದು ದಿನ ಸ್ವಿಟ್ಜರ್ಲೆಂಡ್. "ಸಿಂಗಲ್ ಎಂಟ್ರಿ ವೀಸಾ ಇದ್ದರೆ ಹೋಗಿ ವಾಪಸ್ ಬರಲಾಗದು" ಅನ್ನುವ ಮಾತು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಎರಡೂ ಶೆಂಗೆನ್ ಒಳಗೇ, ಅಂದರೆ ಒಂದೇ ವೀಸಾ ನಡೆಯುವ ದೇಶಗಳ ಕೂಟದೊಳಗೇ, ಇವೆ. ಪಾಸ್‌ಪೋರ್ಟು ಮಾತ್ರ ಜೊತೆಗಿರಲಿ. ಆದರೆ ಕಾರನ್ನು ಗಡಿ ದಾಟಿಸಲು ಬಾಡಿಗೆ ಕಂಪನಿಯ ಒಪ್ಪಿಗೆ ಬೇಕು, ಒಪ್ಪಂದದಲ್ಲಿ ಬರೆಸಿ. ಸ್ವಿಸ್ ಹೆದ್ದಾರಿಗೆ ವಿನ್ಯೆಟ್ ಅನ್ನುವ ವರ್ಷದ ಟೋಲ್ ಇದೆ, 40 ಫ್ರಾಂಕ್. ಒಂದು ದಿನಕ್ಕಾದರೂ ಅಷ್ಟೇ. ಹೆದ್ದಾರಿ ಮುಟ್ಟದ ದಾರಿಯಲ್ಲಿ ಹೋದರೆ ಅದು ಬೇಡ. ಸರೋವರದ ಉತ್ತರ ತುದಿಯ ಕೊಲಿಕೋದಿಂದ ಕಿಯಾವೆನ್ನಾ, ಅಲ್ಲಿಂದ 1815 ಮೀಟರ್ ಎತ್ತರದ ಮಾಲೋಯಾ ಕಣಿವೆದಾರಿ ಹತ್ತಿ ಸೇಂಟ್ ಮೊರಿಟ್ಜ್. ಈ ಹೇರ್‌ಪಿನ್‌ಗಳಲ್ಲಿ ನಿಮ್ಮ ಆಗುಂಬೆ ಅನುಭವ ಕೊನೆಗೂ ಕೆಲಸಕ್ಕೆ ಬರುತ್ತದೆ. ಅಕ್ಟೋಬರ್‌ನಲ್ಲೂ ಮೇಲೆ ಹಿಮ ಬೀಳುವುದುಂಟು, ಹಿಂದಿನ ರಾತ್ರಿ ಹವಾಮಾನ ನೋಡಿ. ಹಿಮ ಇದ್ದರೆ ಕಿಯಾವೆನ್ನಾದ ಆಚೆ ಅಕ್ವಾಫ್ರಾಜ್ಜಿಯಾ ಜಲಪಾತ ನೋಡಿ ವಾಪಸ್ ಬನ್ನಿ. ಜೋಗ ನೋಡಿದವರಿಗೆ ಅದು ಚಿಕ್ಕದು, ಆದರೂ ಚೆಂದ.

ಒಂದು ಕಡೆ ಮಾತ್ರ ನನ್ನ ಲೆಕ್ಕ ತಪ್ಪಬಹುದು. ಮನೆಯಲ್ಲಿ ಬೇರೆ ಯಾರೂ ಡ್ರೈವ್ ಮಾಡುವುದಿಲ್ಲ, ಅಮ್ಮನಿಗೆ ದಿನಾ ಬಾಗಿಲಲ್ಲೇ ವಾಹನ ಬೇಕು ಅಂತಾದರೆ, ಆ ಎರಡು ದಿನಕ್ಕೂ ಡ್ರೈವರ್ ಇರುವ ಎನ್‌ಸಿಸಿಯನ್ನೇ ಕರೆಯಿರಿ. ದುಡ್ಡು ಜಾಸ್ತಿ ಆಗುತ್ತದೆ. ಆದರೆ ಡ್ರೈವರ್ ಆದವನು ಆ ರಸ್ತೆಯಲ್ಲಿ ಸರೋವರ ನೋಡುವುದಿಲ್ಲ, ಎದುರಿನ ಬಸ್ಸು ನೋಡುತ್ತಿರುತ್ತಾನೆ. ರಜೆ ನಿಮಗೂ ಇದೆ ತಾನೇ?

ಕಾರು ಇಟ್ಟುಕೊಂಡ ಎರಡು ದಿನ ಸಂಜೆ ಮೆನಾಜ್ಜೋಗೆ ಮರಳುವುದು ವರೆನ್ನಾದಿಂದ ದೋಣಿಯಲ್ಲಿ ಕಾರು ಹತ್ತಿಸಿಕೊಂಡು. ಶರತ್ಕಾಲದಲ್ಲಿ ದೋಣಿಯ ವೇಳಾಪಟ್ಟಿ ಬದಲಾಗುತ್ತದೆ, ಬೇಸಿಗೆಯಲ್ಲಿ ಹೋದವರು ಹೇಳಿದ ಸಮಯ ನಂಬಬೇಡಿ. ಬೆಳಿಗ್ಗೆ ಹತ್ತುವಾಗಲೇ ದಕ್ಕೆಯಲ್ಲಿ ಅಂಟಿಸಿದ ಪಟ್ಟಿಯ ಫೋಟೋ ತೆಗೆದುಕೊಳ್ಳಿ. ಕೊನೆಯ ದೋಣಿ ತಪ್ಪಿದರೆ ಕೊಲಿಕೋ ಮೇಲೆ ಸರೋವರದ ತಲೆಭಾಗವನ್ನೆಲ್ಲ ಸುತ್ತಿಕೊಂಡು ಬರಬೇಕು, ಕತ್ತಲಲ್ಲಿ, ಪಶ್ಚಿಮ ದಡದ ಅದೇ ರಸ್ತೆ ಮೇಲೆ. ಅಷ್ಟು ಹೊತ್ತಿಗೆ ಮಕ್ಕಳು ನಿದ್ದೆ ಹೋಗಿರುತ್ತಾರೆ, ಅಮ್ಮನಿಗೆ ಊಟದ ಹೊತ್ತು ಮೀರಿರುತ್ತದೆ.